ಸತ್ತ ಓತಿಯ ಮಣಿ

ಯುಗಾದಿ ಕಳೆದು ಎರಡನೇ ಶನಿವಾರ. ಬೆಳಿಗ್ಗೆ ಎಂಟೂವರೆಗೆಲ್ಲ ನಾವು ಮೂವರೂ ಗುಡ್ಡದ ಬುಡ ಸೇರಿದ್ದೆವು. ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಇಳಿದ ಮೇಲೆ ಅರ್ಧ ಗಂಟೆ ನಡಿಗೆ. ಗುಡ್ಡವೆಂದರೆ ದೊಡ್ಡದೇನೂ ಅಲ್ಲ. ಒಂದು ಹಾಸುಬಂಡೆ, ಅದರ ಮೇಲೆ ಯಾರೋ ಸುರಿದು ಮರೆತಂತೆ ಗುಂಡುಕಲ್ಲುಗಳು, ಸಂದಿಯಲ್ಲೆಲ್ಲ ಲಂಟಾನ. ನಾನು ಎಂದಿನಂತೆ ಹೊಂಗೆ ಮರದ ಕೆಳಗೆ ಗೋಣಿತಾಟು ಹಾಸಿ, ರಿಜಿಸ್ಟರು, ಉಕ್ಕಿನ ಅಳತೆಪಟ್ಟಿ, ತೂಕದ ಕೊಕ್ಕೆ, ಬಟ್ಟೆಯ ಚೀಲಗಳನ್ನು ಜೋಡಿಸಿಕೊಂಡೆ. ಚಿತ್ರಾನ್ನದ ಡಬ್ಬಿಯನ್ನು ಇರುವೆ ಹತ್ತದಿರಲೆಂದು ಕೊಂಬೆಗೆ ನೇತುಹಾಕಿದೆ.

"ನೀಲಿ, ಹಳದಿ, ನೀಲಿ. ಬರ್ಕೊಳವ್ವ," ಎನ್ನುತ್ತ ತಾತ ಮೊದಲನೇ ಚೀಲವನ್ನು ನನ್ನ ಕೈಗೆ ಕೊಟ್ಟರು.

ತಾತ ಎಂದರೆ ನಮ್ಮ ಓತಿ ಹಿಡಿಯುವವರು. ಗುಡ್ಡದ ಕೆಳಗಿನ ಊರಿನವರು, ಎಪ್ಪತ್ತರ ಹತ್ತಿರದ ವಯಸ್ಸು, ಬಹಳ ಕಾಲ ಕುರಿ ಕಾಯ್ದವರು. ಬಿದಿರುಕಡ್ಡಿಯ ತುದಿಗೆ ದಾರದ ಕುಣಿಕೆ ಕಟ್ಟಿ, ಬಂಡೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುತ್ತಿರುವ ಓತಿಯ ಕತ್ತಿಗೆ ಅದನ್ನು ಮೆಲ್ಲಗೆ ಇಳಿಸಿ ಎತ್ತುತ್ತಾರೆ. ಓತಿಗೆ ಏನೂ ಆಗುವುದಿಲ್ಲ, ಬರೀ ಸಿಟ್ಟು ಬರುತ್ತದೆ. ಹಾಗೆ ಹಿಡಿದ ಬಂಡೆ ಓತಿಯ ಬಾಲದ ಬುಡಕ್ಕೆ ಮೂರು ಬಣ್ಣದ ಸಣ್ಣ ಗಾಜಿನ ಮಣಿಗಳನ್ನು ಹೊಲಿದು, ಅಳೆದು, ತೂಗಿ, ಹಿಡಿದ ಜಾಗಕ್ಕೇ ಬಿಡುವುದು ನಮ್ಮ ಕೆಲಸ. ಮಣಿಗಳ ಕ್ರಮವೇ ಅದರ ಹೆಸರು. ಮುಂದೆ ಕಂಡಾಗ ದೂರದಿಂದಲೇ ಇದು ಇಂಥದ್ದು ಎಂದು ತಿಳಿಯುತ್ತದೆ. ಹನ್ನೊಂದು ವರ್ಷದಿಂದ ಒಂದೊಂದೇ ಓತಿಯ ಜಾತಕ ಹೀಗೆ ಬರೆದುಕೊಂಡು ಬಂದಿದ್ದೆವು. ವಾರದ ಮಿಕ್ಕ ದಿನ ನಾನು ಕಾಲೇಜೊಂದರ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಲ್ಯಾಬ್ ಸಹಾಯಕಿ. ಶನಿವಾರ ಮಾತ್ರ ಓತಿಗಳದ್ದು.

ಮೂರನೆಯವಳು ಹೊಸಕೋಟೆಯ ಹುಡುಗಿ. ತಂದೆಗೆ ಅಲ್ಲಿ ತರಕಾರಿ ವ್ಯಾಪಾರ. ಇವಳು ಬೆಂಗಳೂರಿನಲ್ಲಿ ಪಿಎಚ್‌ಡಿಗೆ ಸೇರಿ, ಮೂರು ವರ್ಷದಿಂದ ದೇವನಹಳ್ಳಿಯಲ್ಲಿ ಬಸ್ಸು ಬದಲಿಸಿಕೊಂಡು ಒಂದು ಶನಿವಾರವೂ ತಪ್ಪದೆ ಬಂದವಳು. ನಮ್ಮ ರಿಜಿಸ್ಟರೇ ಅವಳ ಪ್ರಬಂಧದ ಬುನಾದಿ. ಬಂಡೆ ಓತಿ ಹೆಚ್ಚೆಂದರೆ ಒಂದೆರಡು ವರ್ಷ ಬದುಕುವ ಪ್ರಾಣಿ ಎಂಬುದು ಎಲ್ಲರೂ ಹೇಳುವ ಮಾತು. ನಮ್ಮ ಗುಡ್ಡದಲ್ಲಿ ಮಾತ್ರ ಕೆಲವು ಎಂಟು ವರ್ಷ, ಒಂಬತ್ತು ವರ್ಷ ಅದೇ ಬಂಡೆಯ ಮೇಲೆ ಕೂತಿದ್ದವು. ಇಲ್ಲೇ ಏಕೆ ಹೀಗೆ, ಎಂಥ ಮೈಕಟ್ಟಿನವು ಉಳಿದವು, ಎಂಥವು ಅಳಿದವು ಎಂಬುದೇ ಅವಳ ದೊಡ್ಡ ಅಧ್ಯಾಯ. ಎರಡು ತಿಂಗಳಲ್ಲಿ ಪ್ರಬಂಧ ಒಪ್ಪಿಸಬೇಕಿತ್ತು. ಅಲ್ಲಿಗೆ ಅವಳ ಫೆಲೋಶಿಪ್ಪೂ ಮುಗಿಯುತ್ತಿತ್ತು. ಆ ದಿನ ನಾವು ಹೋದದ್ದು ಕೊನೆಯ ಒಂದು ಕೋಷ್ಟಕಕ್ಕೆ: ಅತಿ ಹಳೆಯ ಓತಿಗಳ ಫೋಟೊ ಮತ್ತು ಅಳತೆ.

ಚೀಲದಿಂದ ಓತಿ ತೆಗೆದೆ. ಗಂಡು. ಬಂಡೆಯ ಮೇಲೆ ಕೆಂಡದಂತಿದ್ದ ಬೆನ್ನು ಕೈಗೆ ಬರುವಷ್ಟರಲ್ಲಿ ಮಣ್ಣುಬಣ್ಣಕ್ಕೆ ತಿರುಗಿತ್ತು. ಹೆದರಿದಾಗ ಅವು ಹಾಗೆಯೇ. ರಿಜಿಸ್ಟರಿನ ಹಳೆಯ ಪುಟ ಬಿಡಿಸಿದೆ. ನೀಲಿ-ಹಳದಿ-ನೀಲಿ, ಒಂಬತ್ತು ವರ್ಷದ ಹಿಂದೆ ಮೊದಲ ಸಲ ಹಿಡಿದದ್ದು. ಷರಾ ಕಾಲಂನಲ್ಲಿ ನನ್ನದೇ ಅಕ್ಷರ: ಬಲ ಹಿಂಗಾಲು, ನಾಲ್ಕನೇ ಬೆರಳಿನ ತುದಿ ತೆಗೆದಿದೆ. ಮಣಿ ಬಿದ್ದುಹೋದರೆ ಇರಲಿ ಎಂದು ಮೊದಲ ಮೂರು ವರ್ಷ ಹಾಗೊಂದು ಎರಡನೇ ಗುರುತು ಮಾಡುತ್ತಿದ್ದೆವು. ಆಮೇಲೆ ಪಾಪ ಎನಿಸಿ ನಿಲ್ಲಿಸಿದೆವು. ಹಲ್ಲಿಯ ಬಾಲದ ಹಾಗಲ್ಲ, ಓತಿಯ ಬೆರಳು ಹೋದರೆ ಹೋಯಿತು.

ಮಣಿ ಇರುವಾಗ ಬೆರಳು ನೋಡುವ ಅಗತ್ಯ ಬಿದ್ದಿರಲಿಲ್ಲ. ಈ ಸಲ ಕೋಷ್ಟಕಕ್ಕೆಂದು ಬಲ ಹಿಂಗಾಲು ಬಿಡಿಸಿ ನೋಡಿದೆ. ನಾಲ್ಕನೇ ಬೆರಳು ಪೂರ್ತಿ ಇತ್ತು, ಉಗುರಿನ ಸಮೇತ.

"ಎಡ-ಬಲ ತಪ್ಪಿ ಬರ್ದಿರ್ತೀರ ಆಂಟಿ," ಎಂದಳು ಹುಡುಗಿ.

ಎಡಗಾಲೂ ಪೂರ್ತಿ ಇತ್ತು. ಮುಂಗಾಲುಗಳೂ. ನನ್ನ ತಪ್ಪೇ ಇರಬೇಕೆಂದು ಷರಾದ ಪಕ್ಕ ಒಂದು ಪ್ರಶ್ನೆ ಚಿಹ್ನೆ ಹಾಕಿದೆ. ತಾತ ಎರಡನೆಯದನ್ನು ತಂದರು, ಬಿಳಿ-ಬಿಳಿ-ಕೆಂಪು, ಹೆಣ್ಣು. ರಿಜಿಸ್ಟರಿನಲ್ಲಿ ಬೆರಳು ಇಲ್ಲ, ಕಾಲಿನಲ್ಲಿ ಇದೆ. ಮೂರನೆಯದೂ ಹಾಗೆಯೇ. ಹನ್ನೊಂದು ಗಂಟೆಯ ಹೊತ್ತಿಗೆ ಐದು ಓತಿ ಆದವು. ಐದರಲ್ಲಿ ಒಂದಕ್ಕೂ ಒಂದು ಬೆರಳೂ ಕಡಿಮೆಯಿರಲಿಲ್ಲ. ನಾನು ಕನ್ನಡಕ ಒರೆಸಿ ಒರೆಸಿ ಅದೇ ಕಾಲುಗಳನ್ನು ನೋಡುತ್ತಿದ್ದೆ.

ಊಟಕ್ಕೆ ಕೂತಾಗ ಹುಡುಗಿಯೇ ಕೇಳಿದಳು. "ತಾತ, ಈ ನೀಲಿ-ಹಳದಿ-ನೀಲಿ ಹಳೇದೇ ತಾನೆ?"

"ಹಳೇದು ಅಂದ್ರೆ?"

"ಒಂಬತ್ತು ವರ್ಷದ ಹಿಂದೆ ನೀವೇ ಹಿಡಿದಿದ್ರಲ್ಲ, ಅದೇ ಓತಿ ತಾನೆ ಇದು?"

ತಾತ ಚಿತ್ರಾನ್ನ ಬಾಯಿಗಿಟ್ಟುಕೊಂಡೇ ನಕ್ಕರು. "ಅಯ್ಯೋ, ಅದೆಲ್ಲೈತೆ ಮಗಾ. ಅದನ್ನ ಗಿಡುಗ ಎತ್ಕೊಂಡೋಗಿ ಎಸ್ಟೋ ವರ್ಸ ಆಯ್ತು. ಬಾಲ ಒಂದ್ ಬಿಟ್ಟೋಗಿತ್ತು ಬಂಡೆ ಮ್ಯಾಲೆ. ಇದು ಅದ್ರ ಮೊಮ್ಮಗ. ಮರಿಮಗಾನೂ ಇರ್ಬೋದು."

"ಮತ್ತೆ ಮಣಿ?"

"ಮಣಿ ಬಿಚ್ಚಿಟ್ಕಂಡಿದ್ದೆ. ಮುಂದಿನ ವರ್ಸ ಇದು ಅದೇ ಬಂಡೆಗೆ ಯಜಮಾನ ಆಗಿ ಕೂತ್ಕಂತು. ಹೊಲ್ದೆ. ಮನೆ ಹೆಸ್ರು ಮನೇಲೇ ಇರ್ಬೇಕಲ್ವಾ?"

ಹುಡುಗಿ ನನ್ನ ಕಡೆ ನೋಡಿದಳು. ನಾನು ತಾತನ ಕಡೆ. ಅವರು ಬೆರಳಿಗೆ ಅಂಟಿದ ಅನ್ನ ಕೊಡವುತ್ತ ನಮಗೆ ಸಮಾಧಾನವಾಗಿ ತಿಳಿಸಿ ಹೇಳಿದರು: "ನಂಗೆ ನಮ್ ತಾತನ ಹೆಸ್ರು ಇಟ್ಟವ್ರೆ. ನನ್ ಮೊಮ್ಮಗುಂಗೆ ನಮ್ಮಪ್ಪನ ಹೆಸ್ರು. ತೀರ್ಕೊಂಡೋರ ಹೆಸ್ರು ಕೂಗೋರು ಇಲ್ದಂಗೆ ಮಾಡ್ಬಾರ್ದು ಕಣವ್ವಾ. ಪಾಪ, ಅದೂ ಒಂದು ಮನೆತನ."

"ಸತ್ತಿದ್ದು ಹೇಳ್ಬೇಕಿತ್ತಲ್ಲ ತಾತ! ಯಾಕೆ ಹೇಳ್ಲಿಲ್ಲ?" ಹುಡುಗಿಯ ದನಿ ಏರಿತು.

"ನೀವು ಕೇಳಿದ್ರಾ? ನೀವು ಕೇಳೋದು, ಯಾವ್ ಮಣಿ ಸಿಕ್ತು ತಾತ ಅಂತ. ಸಿಕ್ಕಿದ್ದು ಹೇಳ್ದೆ. ಸುಳ್ಳೇಳಿದ್ನಾ?"

"ಒಂದ್ ನಂಬರು ಇಬ್ಬರಿಗೆ ಹೆಂಗೆ ಕೊಡ್ತಾರೆ?"

"ನಿಮ್ ಕಾಲೇಜಾಗೆ ಕೊಡಲ್ವಾ? ಹೋದ್ ವರ್ಸ ಹದಿನೇಳನೇ ನಂಬ್ರು ಅಂದ್ರೆ ಒಬ್ಬ ಎದ್ ನಿಂತ್ಕಂಡ. ಈ ವರ್ಸ ಇನ್ನೊಬ್ಬ. ನಾನೇ ಕಿಟಕೀಲಿ ನಿಂತು ಕೇಳಿವ್ನಿ."

ಹುಡುಗಿ ಡಬ್ಬಿ ಮುಚ್ಚಿಟ್ಟು, ಬಂಡೆಯ ಆಚೆ ಬದಿಗೆ ಹೋಗಿ ಬಹಳ ಹೊತ್ತು ನಿಂತಿದ್ದಳು. ನಾನು ಒಂದೇ ಒಂದು ಮಾತು ಕೇಳಿದೆ: "ಯಾವಾಗಿಂದ ಹೀಗೆ ಮಾಡ್ತಿದ್ದೀರಿ ತಾತ?"

"ನೀವು ಸೂಜಿ ಕೊಟ್ರಲ್ಲ, ಆವಾಗಿಂದ."

ಈ ಕೆಲಸ ಶುರುಮಾಡಿದವರು ನಮ್ಮ ಮೇಷ್ಟ್ರು, ವಿಭಾಗದ ಪ್ರಾಧ್ಯಾಪಕರು. ಅವರು ತೀರಿಕೊಂಡು ಐದು ವರ್ಷವಾಯಿತು. ಹೊಸ ವಿದ್ಯಾರ್ಥಿಗಳು ಬಂದರೆ ಮೊದಲ ಪಾಠವನ್ನು ಮ್ಯೂಸಿಯಂ ಕೋಣೆಯ ದೊಡ್ಡ ಬೀರುವಿನ ಮುಂದೆ ನಿಂತೇ ಮಾಡುತ್ತಿದ್ದರು. ಕೆಳಗಿನ ಅಂತಸ್ತಿನಲ್ಲಿ ಸ್ಪಿರಿಟ್ಟಿನ ಬಾಟಲಿಗಳು, ಒಳಗೆ ಬಿಳಿಚಿಕೊಂಡ ಓತಿ, ಕಪ್ಪೆ, ಹಾವು. "ನಮ್ಮ ಅಜ್ಜಂದಿರ ಕಾಲದ ಪ್ರಾಣಿಶಾಸ್ತ್ರ ಇದು. ಕಂಡದ್ದನ್ನು ಕೊಲ್ಲುವುದು, ಬಾಟಲಿಗೆ ಹಾಕುವುದು, ಇದು ಏನು ಎಂದು ಹೆಸರಿಡುವುದು. ನಗಬೇಡಿ, ಅದೂ ಬೇಕಿತ್ತು." ಅದರ ಮೇಲಿನ ಅಂತಸ್ತಿನಲ್ಲಿ ದಾರ ಕಟ್ಟಿದ ಎಣಿಕೆಯ ಹಾಳೆಗಳು. ಯಾವ ಬಂಡೆಯಲ್ಲಿ ಎಷ್ಟು, ಮಳೆಗೆ ಮುಂಚೆ ಎಷ್ಟು, ಆಮೇಲೆ ಎಷ್ಟು, ಹುಳ ಕಡಿಮೆಯಾದ ವರ್ಷ ಓತಿ ಎಷ್ಟು. ಕೊಲ್ಲುವುದನ್ನು ಬಿಟ್ಟು ಪ್ರಾಣಿಯನ್ನು ಅದರ ಜಾಗದಲ್ಲೇ ನೋಡುವುದನ್ನು ಜನ ನಿಧಾನಕ್ಕೆ ಕಲಿತರು ಎನ್ನುತ್ತಿದ್ದರು. ಆಮೇಲೆ ಕೈ ಎತ್ತಿ ಮೇಲಿನಿಂದ ನಮ್ಮ ರಿಜಿಸ್ಟರು ತೆಗೆಯುತ್ತಿದ್ದರು. "ಹೋದ ವರ್ಷ ಎಣಿಸಿದೆ, ನೂರು. ಈ ವರ್ಷವೂ ನೂರು. ಅವೇ ನೂರೋ? ಯಾವುದು ಸತ್ತಿತು, ಯಾವುದು ಮರಿ ಬಿಟ್ಟಿತು? ಅದು ತಿಳಿಯದೆ ವಿಕಾಸವನ್ನು ನಂಬಬಹುದು ಕಣ್ರಯ್ಯ, ನೋಡುವುದಕ್ಕಾಗುವುದಿಲ್ಲ. ಕಾಲು ಉದ್ದ ಇದ್ದದ್ದು ಉಳೀತು, ಗಿಡ್ಡ ಇದ್ದದ್ದು ಗಿಡುಗನ ಬಾಯಿಗೆ ಹೋಯಿತು ಅಂತ ಹೇಳಬೇಕಾದರೆ ಒಂದೊಂದನ್ನೂ ಗುರುತಿಟ್ಟು, ಅದು ಸಾಯುವವರೆಗೂ ಕಾಯಬೇಕು. ಇದಕ್ಕೆ ಬುದ್ಧಿ ಬೇಡ, ತಾಳ್ಮೆ ಬೇಕು."

ರಿಜಿಸ್ಟರಿನ ಮೊದಲ ಪುಟದಲ್ಲಿ ಅವರ ಕೈಬರಹ ಇದೆ: ಒಂದು ಮಣಿಸಾಲು ಒಂದೇ ಜೀವಕ್ಕೆ, ಸತ್ತ ಮೇಲೆ ಆ ಸಾಲನ್ನು ಮತ್ತೆ ಬಳಸಕೂಡದು. ತಾತನಿಗೆ ಓದು ಬಾರದು. ಮೇಷ್ಟ್ರು ಅದನ್ನು ಬಾಯಲ್ಲಿ ಹೇಳಿದ್ದು ನನಗೆ ನೆನಪಿದೆ. "ಆಯ್ತು ಬುದ್ಧಿ" ಎಂದು ಅವರು ತಲೆಯಾಡಿಸಿದ್ದೂ ನೆನಪಿದೆ. ಆಗ ಹೊಲಿಯುತ್ತಿದ್ದದ್ದು ನಾನು. ನೇಯ್ಗೆಯವರ ಮನೆಯಲ್ಲಿ ಹುಟ್ಟಿ, ನೇಯ್ಗೆಯವರ ಮನೆ ಸೇರಿದವಳು. ಸಣ್ಣ ಎಳೆ, ಸಣ್ಣ ಗಂಟು ನನಗೆ ಕಷ್ಟವಾಗಿರಲಿಲ್ಲ. ನಾಲ್ಕನೇ ವರ್ಷದ ಆಷಾಢದಲ್ಲಿ ಸೂಜಿಯ ಕಣ್ಣು ಎರಡೆರಡಾಗಿ ಕಾಣತೊಡಗಿತು. ಚಾಳೀಸು. ಒಂದು ಹೆಣ್ಣು ಓತಿಗೆ ತಪ್ಪಾಗಿ ಚುಚ್ಚಿ ರಕ್ತ ಬಂತು. ಅಂದೇ ಸೂಜಿಯನ್ನು ತಾತನ ಕೈಗೆ ಕೊಟ್ಟೆ. ಅವರ ಕೈ ಅಲುಗುತ್ತಿರಲಿಲ್ಲ. 'ಇಂದಿನಿಂದ ಹೊಲಿಗೆ ತಾತ' ಎಂದು ಪುಟದ ಅಂಚಿನಲ್ಲಿ ಬರೆದಿದ್ದೇನೆ. ಮುಂದಿನ ವರ್ಷ ಮೇಷ್ಟ್ರು ಹಾಸಿಗೆ ಹಿಡಿದರು. ಆಮೇಲೆ ತಾತ ಬಂಡೆಯ ಮೇಲೇ ಹೊಲಿದು ಮುಗಿಸಿ ಚೀಲ ತರುವರು, ನಾನು ಮರದ ಕೆಳಗೆ ಅಳೆದು ಬರೆಯುವೆ, ಇದೇ ರೂಢಿಯಾಯಿತು.

ಅನುಮಾನ ಬರಲು ಅವಕಾಶ ಇರಲಿಲ್ಲವೆಂದು ಹೇಳಲಾರೆ. ಅದೇ ಮಣಿಯ ಓತಿ ಹೋದ ವರ್ಷಕ್ಕಿಂತ ಮೂರು ನಾಲ್ಕು ಮಿಲಿಮೀಟರ್ ಗಿಡ್ಡ ಬಂದದ್ದು ಎಷ್ಟೋ ಸಲ. ಬೆಳೆದ ಮೈ ಹಿಂದಕ್ಕೆ ಹೋಗುವುದಿಲ್ಲವಲ್ಲ. ನಾನು ಪ್ರತಿಸಲವೂ ನನ್ನ ಕಣ್ಣನ್ನೇ ದೂರಿದೆ. ಕೆಲವು ಕಡೆ ಹಳೆಯ ಅಳತೆಯನ್ನೇ ಮತ್ತೆ ಬರೆದಿದ್ದೇನೆ. ಒಂದು ಓತಿ ನಾಲ್ಕನೇ ವರ್ಷವೂ ಸಿಕ್ಕಿದಾಗ, ಕಾಯಿಲೆಯಲ್ಲೂ ಎದ್ದು ಕೂತು ಆ ಸಾಲಿನ ಮುಂದೆ ಮೇಷ್ಟ್ರು ಕೆಂಪು ಶಾಯಿಯಲ್ಲಿ ದೊಡ್ಡ ಆಶ್ಚರ್ಯಸೂಚಕ ಹಾಕಿದ್ದರು. ಅವರ ಸಂತೋಷ ನೋಡಿ ನನಗೂ ಸಂತೋಷವಾಗಿತ್ತು.

ಸೋಮವಾರದಿಂದ ಬಿಡಿಸುವ ಕೆಲಸ ಶುರುವಾಯಿತು. ಎಂಟು ವರ್ಷದ ಸಾಲುಗಳಲ್ಲಿ ಯಾವುದು ನಿಜವಾಗಿ ಮತ್ತೆ ಸಿಕ್ಕ ಓತಿ, ಯಾವುದು ಹೆಸರು ಹೊತ್ತ ಮರಿ? ತಾತ ಸತ್ತ ಎಲ್ಲ ಓತಿಯ ಮಣಿಯನ್ನೂ ಹಾಗೆ ಮಾಡಿರಲಿಲ್ಲ, ಸಿಕ್ಕಿದ್ದನ್ನು ಮಾತ್ರ. ಹೊಸ ಓತಿಗಳಿಗೆ ಹೊಸ ಮಣಿಯೂ ಬಿದ್ದಿತ್ತು. ಎರಡೂ ಕಲಸಿಹೋಗಿದ್ದವು. ಹುಡುಗಿ ಮೊದಲು ಮೂರು ವರ್ಷದ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ಗಂಟಲಿನ ಗೆರೆ, ಬೆನ್ನಿನ ಚುಕ್ಕೆ ಹೋಲಿಸಿದಳು. ನಿಮಿಷಕ್ಕೊಂದು ಬಣ್ಣ ತಿರುಗುವ ಪ್ರಾಣಿಯ ಫೋಟೊದಲ್ಲಿ ಹೋಲಿಸುವುದು ಏನನ್ನು? ಒಂದು ವಾರ ಹಾಗೆ ಹೋಯಿತು.

ಉಳಿದದ್ದು ತಾತನ ನೆನಪು. ಅವರನ್ನು ಕಾಲೇಜಿಗೇ ಕರೆಸಿದೆವು. ನಾನು ರಿಜಿಸ್ಟರಿನ ಒಂದೊಂದೇ ಸಾಲು ಓದುವುದು, ಅವರು ಹೇಳುವುದು, ಹುಡುಗಿ ಹಳೆಯದೇ ಆದರೆ ಹಸಿರು, ಮರಿಯಾದರೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆಯುವುದು. ಮಧ್ಯೆ ಟೀ, ಬಿಸ್ಕತ್ತು.

"ಕೆಂಪು, ಹಸಿರು, ಬಿಳಿ. ಏಳನೇ ಬಂಡೆ. ಗಂಡು."

"ಹೂಂ. ಒಂದ್ ಕಣ್ಣು ಊದ್ಕಂಡಿತ್ತಲ್ಲ, ಅದೇನೆ. ಅದು ಹಳೇದೇ. ಎರಡು ವರ್ಸ ಇತ್ತು."

"ಮೂರನೇ ವರ್ಷವೂ ಬರೆದಿದೆ ತಾತ."

"ಮೂರ್ನೇದು ಮಗ."

ಎಷ್ಟು ನಿಖರವಾಗಿ ಹೇಳುತ್ತಿದ್ದರೆಂದರೆ, ಹುಡುಗಿಯ ಮುಖದಲ್ಲಿ ಮತ್ತೆ ಬಣ್ಣ ಬಂತು. ನಾಲ್ಕೈದು ದಿನದಲ್ಲಿ ಅರ್ಧ ರಿಜಿಸ್ಟರು ಹಸಿರಾಯಿತು. ಅಷ್ಟು ಹಸಿರು ಬಂದದ್ದೇ ನನಗೆ ಸರಿಬರಲಿಲ್ಲ. ಅವಳಿಗೂ ಅನಿಸಿರಬೇಕು. ಒಂದು ಮಧ್ಯಾಹ್ನ ರಿಜಿಸ್ಟರು ತನ್ನ ಕಡೆ ಎಳೆದುಕೊಂಡು, "ಆಂಟಿ, ಈ ಪುಟ ನಾನು ಓದ್ತೀನಿ," ಎಂದಳು. ಎರಡು ಸಾಲು ಸರಿಯಾಗಿ ಓದಿದಳು. ಮೂರನೆಯದು: "ನೇರಳೆ, ಬಿಳಿ, ನೇರಳೆ. ಹನ್ನೆರಡನೇ ಬಂಡೆ. ಹೆಣ್ಣು."

ನೇರಳೆ ಮಣಿಯನ್ನು ನಾವು ಕೊಂಡೇ ಇಲ್ಲ. ಕೆಂಪು, ಬಿಳಿ, ನೀಲಿ, ಹಳದಿ, ಹಸಿರು, ಕಪ್ಪು, ಆರೇ. ಮಣಿ ತರುವವಳು ನಾನೇ. ಅವರು ಏನಾದರೂ ಹೇಳುವ ಮುಂಚೆ ತಡೆಯಬಹುದಿತ್ತು, ತಡೆಯಲಿಲ್ಲ.

ತಾತ ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಹುಡುಗಿಯ ಮುಖ ನೋಡಿದರು. "ಹೂಂ ಕಣಮ್ಮ, ನೇರಳೆದು. ವಸಿ ಕುಂಟ್ತಿತ್ತು ಪಾಪ. ಹಳೇದೇ ಅದು, ಹಳೇದೇ. ಹಸ್ರು ಗೆರೆ ಎಳ್ಕೋ."

ಹುಡುಗಿ ಪೆನ್ಸಿಲು ಕೆಳಗಿಟ್ಟಳು. "ಸಾಕು ತಾತ, ಇವತ್ತಿಗೆ," ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಅವರು ಸುಳ್ಳು ಹೇಳಿದರು ಎಂದು ನನಗೆ ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ. ಅವಳಿಗೆ ಏನು ಬೇಕೆಂದು ಅವರಿಗೆ ಗೊತ್ತಾಗಿತ್ತು. ಅದು ಅವರಲ್ಲಿತ್ತು, ಕೊಟ್ಟರು.

ಅವರನ್ನು ಬಸ್ಸು ಹತ್ತಿಸಿ ಬಂದ ಮೇಲೆ ಹುಡುಗಿ ಹೇಳಿದಳು: "ಐದು ಓತಿ ತೆಗೆದ್ಬಿಡೋಣ ಆಂಟಿ. ಬೆರಳು ನೋಡಿದ್ವಲ್ಲ, ಆ ಐದು ಮಾತ್ರ. ಮಿಕ್ಕಿದ್ದು ಇಟ್ಕೊಳ್ಳೋಣ. ಯಾರು ಬಂದು ಎಣಿಸ್ತಾರೆ?"

"ನಾನು ಎಣಿಸಿದ್ದೀನಲ್ಲಮ್ಮ."

"ನೀವು ಹೇಳದೇ ಇದ್ರೆ?"

ಅವಳು ಬ್ಯಾಗು ಹೆಗಲಿಗೇರಿಸಿ, "ಸುಮ್ನೆ ಕೇಳಿದೆ," ಎಂದು ಹೊರಟಳು. ಸುಮ್ಮನೆ ಕೇಳಿದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮೂರು ವರ್ಷ ಬಿಸಿಲಿನಲ್ಲಿ ನಿಂತವಳು ಅವಳು. ಎರಡು ದಿನ ನಾನೂ ಆ ದಾರಿಯನ್ನು ಮನಸ್ಸಿನಲ್ಲೇ ನಡೆದು ನೋಡಿದೆ. ಸಾಂಬಾರಿಗೆ ಉಪ್ಪು ಎರಡು ಸಲ ಹಾಕಿದೆ.

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರು ಮಗ್ಗದ ಕೊಟ್ಟಿಗೆಯಲ್ಲಿ ಅರ್ಧ ನೇಯ್ದ ಸೀರೆಗೆ ದೀಪ ಹಿಡಿದು ನೋಡುತ್ತ ಬೈದುಕೊಳ್ಳುತ್ತಿದ್ದರು. ಮಗ್ಗ ನಿಂತಿತ್ತು. ಹೊಕ್ಕಿನ ನೂಲಿನಲ್ಲಿ ಬೇರೆ ಬಣ್ಣದ ಛಾಯೆ ಸೇರಿಕೊಂಡಿತ್ತು. ಎಲ್ಲಿ ಶುರುವಾಯಿತೆಂದು ನನಗೆ ಕಾಣಲಿಲ್ಲ.

"ನಂಗೂ ಕಾಣ್ತಿಲ್ಲ ಬಿಡು," ಎಂದರು.

"ಮತ್ತೆ ಹೇಗೆ ಬಿಡಿಸ್ತೀರಿ?"

"ಕೆಟ್ಟಿದ್ದು ಎಲ್ಲಿಂದ ಅಂತ ಹುಡುಕ್ತಾ ಕೂತ್ರೆ ಮುಗಿಯಲ್ಲ ಕಣೇ. ಸರಿ ಇದ್ದಿದ್ದು ಎಲ್ಲಿವರ್ಗೂ ಅಂತ ಗೊತ್ತಲ್ಲ, ಕಂಡಿಕೆ ಬದಲಾಯಿಸಿದ ಜಾಗ. ಅಲ್ಲೀವರ್ಗೂ ಬಿಚ್ಚೋದು. ಮಧ್ಯದಲ್ಲಿ ಒಳ್ಳೇ ಬಟ್ಟೆನೂ ಹೋಗುತ್ತೆ. ಹೋಗ್ಲಿ."

ಕಂಡಿಕೆ ಎಂದರೆ ಲಾಳಿಯೊಳಗಿನ ನೂಲಿನ ಸುರುಳಿ. ಅವರು ಬಿಚ್ಚಲು ಕೂತರು. ನಾನು ಒಳಗೆ ಬಂದು ರಿಜಿಸ್ಟರಿನಲ್ಲಿ ನಾಲ್ಕನೇ ವರ್ಷದ ಆಷಾಢದ ಪುಟ ತೆಗೆದೆ. ನಾನು ಸೂಜಿ ಕೊಟ್ಟ ದಿನ. ಅದರ ಹಿಂದಿನದೆಲ್ಲ ನನ್ನ ಕೈಯ ಹೊಲಿಗೆ, ಅದಕ್ಕೆ ನಾನು ನಿಲ್ಲಬಲ್ಲೆ. ಮುಂದಿನ ಒಂದು ಸಾಲಿಗೂ ನಿಲ್ಲಲಾರೆ. ನಿಜವಾಗಿ ಎರಡನೇ ವರ್ಷ ಬದುಕಿದ ಓತಿಯೂ ಅದರಲ್ಲಿ ಇದ್ದೇ ಇದೆ, ಹುಡುಗಿ ತಾನೇ ಅಳೆದ ಮೂರು ವರ್ಷವೂ ಇದೆ. ಎಲ್ಲ ಹೋಗಬೇಕು. ಉಳಿಯುವುದು ಮೂರು ವರ್ಷ, ಚಿಲ್ಲರೆ ತಿಂಗಳು.

ಸೋಮವಾರ ಅವಳಿಗೆ ಹೇಳಿದೆ. ಹೇಳುವ ಮಾತನ್ನು ಬಸ್ ನಿಲ್ದಾಣದಿಂದ ಕಾಲೇಜಿನವರೆಗೂ ಜೋಡಿಸಿಕೊಂಡು ಹೋಗಿದ್ದೆ. ಬಾಯಿಗೆ ಬಂದದ್ದು ಒಂದೇ ವಾಕ್ಯ. ಅವಳು ಕೇಳಿಸಿಕೊಂಡು, "ನನ್ನ ಮೂರು ವರ್ಷನೂ ಸೇರಿ?" ಎಂದಳು.

"ಸೇರಿ."

"ಯಾ ಅಲ್ಲಾ," ಎಂದು ಮೇಜಿನ ಮೇಲೆ ಹಣೆಯಿಟ್ಟಳು. ಬೆನ್ನು ಸವರಲೇ ಎಂದುಕೊಂಡೆ. ಸವರುವ ಹಕ್ಕು ನನಗಿದೆಯೇ ಎನಿಸಿ ಕೈ ಮಡಿಲಲ್ಲೇ ಉಳಿಯಿತು.

ಗೈಡನ್ನು ನೋಡಲು ಅವಳು ಒಬ್ಬಳೇ ಬೆಂಗಳೂರಿಗೆ ಹೋದಳು. ನಾನೂ ಬರುತ್ತೇನೆಂದೆ, ಬೇಡವೆಂದಳು. ಎರಡು ದಿನ ಬಿಟ್ಟು ಬಂದು ಒಂದೊಂದೇ ಹೇಳಿದಳು. ಗೈಡು ಬೈಯಲಿಲ್ಲವಂತೆ. ದೀರ್ಘಾಯುಷಿ ಓತಿಗಳ ಅಧ್ಯಾಯ ಪೂರ್ತಿ ತೆಗೆಯಬೇಕು. ಉಳಿದ ಎರಡು ಸಣ್ಣ ಅಧ್ಯಾಯ ಪ್ರಬಂಧಕ್ಕೆ ಸಾಲವು. ಹೊಸದಾಗಿ ಗುರುತಿಟ್ಟು ಕಡಿಮೆಯೆಂದರೂ ಎರಡು ವರ್ಷ ನೋಡಬೇಕು. ಫೆಲೋಶಿಪ್ ಮುಂದುವರಿಸಲು ದಾರಿಯಿಲ್ಲ. ಜೂನಿನಿಂದ ಹೊಸಕೋಟೆಯ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಸೇರಲು ಒಪ್ಪಿಬಂದಿದ್ದಳು. "ಶನಿವಾರನೂ ಕ್ಲಾಸ್ ಇರುತ್ತಂತೆ ಆಂಟಿ. ಭಾನುವಾರ ಬರ್ತೀನಿ. ಬರೋಕೆ ನೋಡ್ತೀನಿ." ಮತ್ತೆ, "ಸರ್ ಹೇಳಿದ್ರು, ಇದನ್ನ ರಿಜಿಸ್ಟರಲ್ಲೇ ಬರೆದಿಡಿ ಅಂತ. ನಾಳೆ ಇನ್ಯಾರೋ ತೆಗೆದು ನೋಡಿ ನಮ್ಮ ಥರ ಖುಷಿ ಪಡಬಾರ್ದಲ್ಲ."

ಬರೆಯುವ ದಿನ ತಾತನೂ ಬಂದರು. ಉಳಿದ ಮಣಿಗಳನ್ನು ತಂದುಕೊಡಿ ಎಂದು ಹೇಳಿಕಳಿಸಿದ್ದೆ. ಒಗೆದ ಬಿಳಿ ಅಂಗಿ ಹಾಕಿ, ಮಣಿಯ ಡಬ್ಬಿಯನ್ನು ಕರ್ಚೀಫಿನಲ್ಲಿ ಕಟ್ಟಿ ತಂದಿದ್ದರು. ನಮ್ಮ ಮುಖ ನೋಡಿ ಬೆಂಚಿನ ತುದಿಯಲ್ಲಿ ಮುದುಡಿ ಕೂತರು. ನಾನು ಆ ಆಷಾಢದ ಪುಟದ ಮೇಲೆ, ಅಳಿಸದ ಶಾಯಿಯಲ್ಲಿ ಬರೆದೆ.

"ಏನ್ ಬರೆದ್ರವ್ವ? ವಸಿ ಓದಿ."

ಓದಿದೆ. "ಈ ದಿನದಿಂದ ಮುಂದಿನ ಮಣಿಗಳ ದಾಖಲೆ ನಂಬತಕ್ಕದ್ದಲ್ಲ. ಸತ್ತ ಓತಿಗಳ ಮಣಿ ಬೇರೆ ಓತಿಗಳ ಮೇಲೆ ಇದೆ. ಯಾವುದರ ಮೇಲೆ ಯಾವುದು ಎಂದು ಬಿಡಿಸಲು ಆಗಲಿಲ್ಲ. ಇದನ್ನು ಎಂಟು ವರ್ಷ ಗಮನಿಸದೆ ಹೋದದ್ದು ನನ್ನ ತಪ್ಪು." ಕೆಳಗೆ ನನ್ನ ಹೆಸರು, ಸಹಿ.

ತಾತ ಮಣಿಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟರು. "ನನ್ ಹೆಸ್ರು?"

"ಹಾಕಿಲ್ಲ ತಾತ. ನಿಮಗ್ಯಾಕೆ ಕೆಟ್ಟ ಹೆಸರು ಅಂತ."

"ಇದ್ರಾಗೆ ಬುಡಿ. ಹಿಂದಕ್ಕೆಲ್ಲಾನ ಐತಾ?"

ಇದೆ ಎಂದು ಹೇಳಲು ಬಾಯಿ ತೆರೆದು, ಪುಟ ತಿರುವಿದೆ. ತಾರೀಖು, ಬಂಡೆ, ಮಣಿ, ಗಂಡು-ಹೆಣ್ಣು, ಉದ್ದ, ತೂಕ, ಬಿಸಿಲು-ಮೋಡ, ಅಳೆದವರು, ಷರಾ. ಅಳೆದವರು ಎಂಬಲ್ಲಿ ಮೇಷ್ಟ್ರ ಅಕ್ಷರ, ನನ್ನ ಅಕ್ಷರ, ಹುಡುಗಿಯ ಅಕ್ಷರ. ಹಿಡಿದವರು ಎಂಬ ಕಾಲಂ ಇರಲಿಲ್ಲ. ನನ್ನ ಟಿಪ್ಪಣಿಯಲ್ಲೂ ಅವರು ಬರೀ ತಾತ. ಹನ್ನೊಂದು ವರ್ಷದ ಅಷ್ಟೂ ಓತಿಗಳನ್ನು ಹಿಡಿದವರ ಹೆಸರು ಆ ಪುಸ್ತಕದಲ್ಲಿ ಎಲ್ಲಿಯೂ ಇರಲಿಲ್ಲ.

"ಇಲ್ಲ ತಾತ," ಎಂದೆ.

"ಅಂಗಾದ್ರೆ ಇದ್ರಾಗೇ ಬರೀರಿ. ಹಿಡ್ದೋನು ನಾನು, ಹೊಲ್ದೋನು ನಾನು. ತಪ್ಪು ಮಾತ್ರ ನೀವೊಬ್ರೇ ಇಟ್ಕಂಡ್ರೆ ಹೆಂಗೆ? ಬರೀರಿ. ಹನುಮಂತರಾಯಪ್ಪ ಬಿನ್ ಮುನಿಯಪ್ಪ. ಬಿನ್ ಹಾಕಿ. ಪಹಣೀಲಿ ಅಂಗೇ ಇರೋದು."

ನನ್ನ ಸಹಿಯ ಕೆಳಗೆ, ಅವರು ಹೇಳಿದಂತೆಯೇ ಬರೆದೆ. ಅವರು ಎದ್ದು ಬಂದು ಪುಟದ ಮೇಲೆ ಬಗ್ಗಿ ಆ ಸಾಲನ್ನು ನೋಡಿದರು.

"ಹೆಬ್ಬೆಟ್ಟು?"

"ಬೇಡ ತಾತ, ಇದು ತಾಲ್ಲೂಕು ಕಚೇರಿ ಕಾಗದ ಅಲ್ಲ."

"ಒತ್ತದೆ ಹೋದ್ರೆ ಯಾರವ್ವ ನಂಬ್ತಾರೆ?"

ಹುಡುಗಿ ಕುರ್ಚಿ ಸರಿಸಿ ಎದ್ದಳು. ಕಾಲೇಜಿನ ಕಚೇರಿಗೆ ಹೋಗಿ ಸ್ಟಾಂಪ್ ಪ್ಯಾಡ್ ತಂದಳು. ಮುಚ್ಚಳ ತೆಗೆದು, ಎರಡೂ ಕೈಯಲ್ಲಿ ಅವರ ಮುಂದೆ ಹಿಡಿದು ನಿಂತಳು.